ಮಲೆನಾಡಿನ ತೋಟಕ್ಕೆ ಮೊದಲ ಟ್ರ್ಯಾಕ್ಟರ್: ಎಳೆಯುವ ಬಲಕ್ಕಿಂತ ನಿಲ್ಲುವ ಬಲ ನೋಡಿ

ಟ್ರ್ಯಾಕ್ಟರ್ ತೆಗೆದುಕೊಳ್ಳಬೇಕು ಎಂದು ಬಾಯಿಬಿಟ್ಟರೆ ಸಾಕು, ಎದುರಿಗಿದ್ದವರು ಕೇಳುವುದು ‘ಎಷ್ಟು ಎಚ್‌ಪಿ?’ ಎಂದು. ದಾವಣಗೆರೆ, ಹಾವೇರಿಯ ಬಯಲು ಹೊಲಕ್ಕೆ ಅದು ಸರಿಯಾದ ಪ್ರಶ್ನೆಯೇ. ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಸಿದ್ದಾಪುರ, ಸಕಲೇಶಪುರ ಕಡೆಯ ತೋಟಕ್ಕೆ ಮೊದಲು ಕೇಳಬೇಕಾದದ್ದು ಬೇರೆ. ಗೊಬ್ಬರವನ್ನೋ ಅಡಿಕೆ ಗೊನೆಯನ್ನೋ ತುಂಬಿಕೊಂಡ ಟ್ರೈಲರ್ ಹಿಂದಿನಿಂದ ದೂಡುತ್ತಿರುವಾಗ, ಒದ್ದೆ ಮಣ್ಣಿನ ಇಳಿಜಾರಿನ ನಡುವೆ ಈ ಗಾಡಿ ನಿಲ್ಲುತ್ತದೆಯೇ? ಏರು ಹತ್ತಲಾಗದಿದ್ದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಅರ್ಧ ದಿನ ಹಾಳಾಗುತ್ತದೆ. ಇಳಿಯುವಾಗ ನಿಲ್ಲದಿದ್ದರೆ ಧರೆಯ, ಅಂದರೆ ಕಡಿದಾದ ಮಣ್ಣಿನ ದಂಡೆಯ, ಕೆಳಗೆ ಹೋಗುತ್ತದೆ. ಈ ಬರಹದ ಲೆಕ್ಕವೆಲ್ಲ ಹೊರಡುವುದು ಅಲ್ಲಿಂದಲೇ.

ಶೋರೂಮಿಗೆ ಮುಂಚೆ ತೋಟಕ್ಕೆ ಹೋಗಿ

ಒಂದು ಟೇಪು, ಒಂದು ಮೀಟರ್ ಉದ್ದದ ನೇರ ಪಟ್ಟಿ, ಗಾರೆಯವರ ಬಳಿ ಇರುವ ರಸಮಟ್ಟ, ಒಂದು ನೋಟ್‌ಬುಕ್ಕು. ಇಷ್ಟು ಹಿಡಿದುಕೊಂಡು ಗಾಡಿ ಓಡಾಡಬೇಕಾದ ದಾರಿಯಲ್ಲೆಲ್ಲ ನಡೆಯಿರಿ. ಕಡಿದಾದ ಜಾಗ ಬಂದಾಗ ಪಟ್ಟಿಯ ಒಂದು ತುದಿಯನ್ನು ಏರಿನ ಕಡೆ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಪಟ್ಟಿಯನ್ನು ಸಮ ಮಾಡಿ, ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಎಂದು ಅಳೆಯಿರಿ. 20 ಸೆಂ.ಮೀ. ಬಂದರೆ ಶೇ 20ರ ಇಳಿಜಾರು, ಅಂದರೆ ಸುಮಾರು 11 ಡಿಗ್ರಿ. 27 ಬಂದರೆ 15 ಡಿಗ್ರಿ. 36 ಬಂದರೆ 20 ಡಿಗ್ರಿ. ಕಣ್ಣಂದಾಜು ಇಲ್ಲಿ ಕೆಲಸಕ್ಕೆ ಬಾರದು. 12 ಡಿಗ್ರಿಯ ದಾರಿಯನ್ನು ಹೆಚ್ಚಿನವರು 30 ಡಿಗ್ರಿ ಎಂದೇ ಹೇಳುತ್ತಾರೆ, ದಿನವೂ ಓಡಾಡಿ ರೂಢಿಯಾದವರು ‘ಅದೇನು ಏರೇ ಅಲ್ಲ’ ಎನ್ನುತ್ತಾರೆ. ದಾರಿಯ ಉದ್ದಕ್ಕೆ ಎಷ್ಟು, ಅಡ್ಡಕ್ಕೆ ಎಷ್ಟು ಎಂದು ಎರಡನ್ನೂ ಬೇರೆ ಬೇರೆ ಬರೆದುಕೊಳ್ಳಿ. ಅಡ್ಡ ಇಳಿಜಾರು ಹೆಚ್ಚು ಅಪಾಯದ್ದು.

ಆಮೇಲೆ ಅಗಲ. ಅಡಿಕೆಗೆ ಶಿಫಾರಸಾದ ಅಂತರ 2.7 ಮೀಟರ್, ಅಂದರೆ 9 ಅಡಿ. ಕಾಗದದಲ್ಲಿ ಇದು ಧಾರಾಳವಾಗಿ ಕಾಣುತ್ತದೆ. ಬುಡದ ದಪ್ಪ, ಸುತ್ತಲಿನ ಗೊಬ್ಬರದ ಪಾತಿ, ಮರಕ್ಕೆ ಹಬ್ಬಿಸಿದ ಕಾಳುಮೆಣಸಿನ ಬಳ್ಳಿ, ಡ್ರಿಪ್ ಪೈಪು, ನಡುವೆ ನೆಟ್ಟ ಬಾಳೆ ಇಷ್ಟನ್ನೂ ಕಳೆದರೆ ಉಳಿಯುವುದು ಬಹುತೇಕ ಒಂದೂವರೆ ಮೀಟರ್. ಹಳೆಯ ತೋಟಗಳಲ್ಲಿ ಎರಡು ಸಾಲಿಗೊಂದು ಬಸಿಗಾಲುವೆ ಬೇರೆ ಇರುತ್ತದೆ. ಅಲ್ಲಿ ಯಾವ ಟ್ರ್ಯಾಕ್ಟರೂ ಸಾಲಿನೊಳಗೆ ಹೋಗುವುದಿಲ್ಲ, ಹೋಗಲೂಬಾರದು. ಅರೇಬಿಕಾ ಕಾಫಿಗೂ ಇದೇ ಮಾತು. 6-7 ಅಡಿ ಅಂತರದ ಗಿಡಗಳ ನಡುವೆ ಗಾಡಿಯ ಮಾತೇ ಇಲ್ಲ, ದಾರಿಯಲ್ಲಿ ನಿಲ್ಲಿಸಿ ಪೈಪು ಎಳೆದು ಔಷಧಿ ಹೊಡೆಯುವುದಷ್ಟೇ. ಹಾಗಾಗಿ ನಿಮ್ಮ ಟ್ರ್ಯಾಕ್ಟರ್ ನಿಜವಾಗಿ ಓಡುವ ಜಾಗ ಯಾವುದು ಎಂಬುದನ್ನು ಮೊದಲೇ ಖಚಿತ ಮಾಡಿಕೊಳ್ಳಬೇಕು. ಮನೆಯಂಗಳದಿಂದ ತೋಟದ ತಲೆಯವರೆಗಿನ ದಾರಿ, ಬೆಟ್ಟದಿಂದ ಸೊಪ್ಪು-ದರಕು (ಒಣ ಎಲೆ) ತರುವ ದಾರಿ, ಗದ್ದೆ, ಒಂದಷ್ಟು ಹೊಸ ತೋಟ. ಬಹುಪಾಲು ಮನೆಗಳಿಗೆ ಅಷ್ಟೇ.

ತಿರುವುಗಳನ್ನು ಅಳೆಯದೆ ಬಿಡಬೇಡಿ. ಕಂಪನಿಯ ಪತ್ರಿಕೆಯಲ್ಲಿ ಕೊಡುವ ತಿರುಗುವ ತ್ರಿಜ್ಯದ ಪಕ್ಕದಲ್ಲಿ ಸಾಮಾನ್ಯವಾಗಿ ‘ಬ್ರೇಕ್ ಸಹಿತ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಒಂದು ಬದಿಯ ಬ್ರೇಕನ್ನು ಮಾತ್ರ ತುಳಿದು ಗಾಡಿ ತಿರುಗಿಸಿದಾಗಿನ ಅಳತೆ ಅದು. ಇಳಿಜಾರಿನಲ್ಲಿ ಹಾಗೆ ಮಾಡುವಂತಿಲ್ಲ. ಬ್ರೇಕ್ ಇಲ್ಲದ ತ್ರಿಜ್ಯ ಕೇಳಿ ಪಡೆಯಿರಿ, ಅಷ್ಟುದ್ದದ ಹಗ್ಗವನ್ನು ಗೂಟಕ್ಕೆ ಕಟ್ಟಿ ತಿರುವಿನಲ್ಲಿ ಸುತ್ತಿ ನೋಡಿ. ಟ್ರೈಲರಿನ ಚಕ್ರ ಯಾವಾಗಲೂ ಟ್ರ್ಯಾಕ್ಟರಿನ ಚಕ್ರಕ್ಕಿಂತ ಒಳಗೆ ಕೊಯ್ದುಕೊಂಡು ಬರುತ್ತದೆ ಎಂಬುದು ನೆನಪಿರಲಿ. ಒಳಬದಿಯಲ್ಲಿ ಚರಂಡಿ ಇದ್ದರೆ ಟ್ರೈಲರ್ ಅದಕ್ಕೇ ಇಳಿಯುತ್ತದೆ.

ನಿಲ್ಲುವ ಲೆಕ್ಕ

ಒಂದು ಸಣ್ಣ ಟ್ರ್ಯಾಕ್ಟರ್ 900 ಕೆಜಿ ಎಂದುಕೊಳ್ಳಿ. ಖಾಲಿ ಟ್ರೈಲರ್ 500 ಕೆಜಿ, ಅದರಲ್ಲಿ 1000 ಕೆಜಿ ಗೊಬ್ಬರ. ಒಟ್ಟು 2400 ಕೆಜಿ. ಶೇ 20ರ ಇಳಿಜಾರಿನಲ್ಲಿ ಇದಿಷ್ಟನ್ನೂ ಕೆಳಕ್ಕೆ ಎಳೆಯುವ ಬಲ ಸುಮಾರು 470 ಕೆಜಿ. ಆ 470 ಕೆಜಿಯನ್ನು ತಡೆಯಬೇಕಾದ್ದು ಟೈರಿನ ಹಿಡಿತ. ಒಣಗಿದ ಗಟ್ಟಿ ಮಣ್ಣಿನಲ್ಲಿ ಟೈರಿನ ಮೇಲಿರುವ ಭಾರದ ಸುಮಾರು ಶೇ 60ರಷ್ಟು ಹಿಡಿತ ಸಿಗುತ್ತದೆ ಎಂದು ಇಟ್ಟುಕೊಳ್ಳೋಣ. ಒದ್ದೆಯಾದ ಕೆಂಪು ಜೇಡಿಯಲ್ಲಿ ಶೇ 30, ಪಾಚಿ ಕಟ್ಟಿದ್ದರೆ ಅದಕ್ಕಿಂತಲೂ ಕಡಿಮೆ.

ಎಂಜಿನ್ನಿನ ಬಲ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಹೋಗುವ ಟೂ ವೀಲ್ ಗಾಡಿಯಲ್ಲಿ ಬ್ರೇಕ್ ಹಿಡಿಯುವುದೂ ಅವೆರಡೇ. ಇಳಿಯುವಾಗ ಭಾರ ಮುಂದಕ್ಕೆ ಸರಿಯುವುದರಿಂದ, ಟ್ರೈಲರ್ ತನ್ನನ್ನು ಸಿಕ್ಕಿಸುವ ಹಿಚ್ಚಿನ ಮೇಲೆ ಹೊರಿಸುವ 150 ಕೆಜಿಯನ್ನು ಸೇರಿಸಿದರೂ ಹಿಂದಿನ ಚಕ್ರಗಳ ಮೇಲಿರುವುದು ಸುಮಾರು 620 ಕೆಜಿ. ಅದರ ಶೇ 60 ಅಂದರೆ 370. ಬೇಕಾದದ್ದು 470. ಬೇಸಿಗೆಯಲ್ಲೇ, ಒಣ ಮಣ್ಣಿನಲ್ಲೇ ನಿಲ್ಲುವುದಿಲ್ಲ. ಚಕ್ರ ಕಚ್ಚಿ ನಿಂತಿದ್ದರೂ ಗಾಡಿ ಜಾರುತ್ತಲೇ ಇರುತ್ತದೆ.

ನಾಲ್ಕೂ ಚಕ್ರಕ್ಕೆ ಬಲ ಹೋಗುವ ಫೋರ್ ವೀಲ್ ಹಾಕಿದಾಗ ಮುಂದಿನ ಚಕ್ರಗಳು ಶಾಫ್ಟಿನ ಮೂಲಕ ಹಿಂದಿನವಕ್ಕೆ ಕಟ್ಟಿಕೊಂಡಿರುತ್ತವೆ, ಹಿಂದೆ ಬ್ರೇಕ್ ಹಿಡಿದರೆ ಮುಂದೂ ಹಿಡಿಯುತ್ತದೆ. ಆಗ 900ಕ್ಕೆ 150 ಸೇರಿ 1050 ಕೆಜಿಯ ಶೇ 60 ಅಂದರೆ 630. ನಿಂತಿತು. ಮಲೆನಾಡಿಗೆ ಫೋರ್ ವೀಲ್ ಬೇಕೇಬೇಕು ಎನ್ನುವುದು ಇದಕ್ಕೆ. ಏರು ಹತ್ತುವುದು ಎರಡನೆಯ ಲಾಭ.

ಅದೇ ಲೆಕ್ಕವನ್ನು ಜುಲೈ ತಿಂಗಳಿಗೆ ಹಾಕಿ. 1050ರ ಶೇ 30 ಅಂದರೆ 315. ಫೋರ್ ವೀಲ್ ಇದ್ದೂ ನಿಲ್ಲುವುದಿಲ್ಲ. ಆ ದಾರಿಯಲ್ಲಿ ಆ ಭಾರವನ್ನು ಮಳೆಗಾಲದಲ್ಲಿ ಯಾವ ಸಣ್ಣ ಟ್ರ್ಯಾಕ್ಟರೂ ಹಿಡಿದು ನಿಲ್ಲಿಸಲಾರದು. ‘ಫೋರ್ ವೀಲ್ ಇದೆಯಲ್ಲ’ ಎಂಬ ಧೈರ್ಯಕ್ಕೆ ಇದೇ ಗಡಿ. ದಾರಿಗೆ ಜಲ್ಲಿ ಹಾಕಿಸುವುದು, ಕಡಿದಾದ ತುಂಡಿಗೆ ಎರಡು ಚಕ್ರದ ಪಟ್ಟಿಯಷ್ಟಾದರೂ ಗೀರು ಹಾಕಿದ ಕಾಂಕ್ರೀಟು ಹಾಕಿಸುವುದು, ಟ್ರೈಲರಿಗೂ ಬ್ರೇಕ್ ಮಾಡಿಸುವುದು, ಭಾರ ಇಳಿಸುವುದು. ಪರಿಹಾರ ಇದರೊಳಗೇ ಇದೆ. ನನ್ನ ಅಭಿಪ್ರಾಯದಲ್ಲಿ ಟ್ರ್ಯಾಕ್ಟರಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲನ್ನು ಮೊದಲು ದಾರಿಗೇ ಹಾಕಬೇಕು. ಒಳ್ಳೆಯ ದಾರಿಯಲ್ಲಿ 21 ಎಚ್‌ಪಿಯ ಗಾಡಿ ಮಾಡುವ ಕೆಲಸವನ್ನು ಕೆಟ್ಟ ದಾರಿಯಲ್ಲಿ 35 ಎಚ್‌ಪಿಯದು ಮಾಡುವುದಿಲ್ಲ.

ದಾರಿ ಮಾಡಿಸುವಾಗ ಮೇಲ್ಮೈ ಗುಡ್ಡದ ಬದಿಯ ಧರೆಯ ಕಡೆಗೆ ತುಸು ವಾಲಿರಲಿ, ಚರಂಡಿ ಒಳಬದಿಗೆ ಇರಲಿ, ಅಲ್ಲಲ್ಲಿ ಅಡ್ಡ ಮೋರಿ ಇರಲಿ. ಹೊರ ಅಂಚಿಗೆ ಹೋಗುವ ವಿಷಯದಲ್ಲಿ ಒಂದು ನಿಯಮ ಉಂಟು. ಅಂಚಿನಿಂದಾಚೆ ಎಷ್ಟು ಆಳ ಇದೆಯೋ ಕನಿಷ್ಠ ಅಷ್ಟು ದೂರ ಚಕ್ರ ಇರಬೇಕು. ಎರಡು ಮೀಟರ್ ಧರೆಯಾದರೆ ಎರಡು ಮೀಟರ್ ಒಳಗೆ. ಹೊಸದಾಗಿ ಹಿಟಾಚಿ ತಂದು ಮಣ್ಣು ಕಡಿದು ತುಂಬಿಸಿದ ದಾರಿಯಾದರೆ ಮೊದಲ ಮಳೆಗಾಲ ಕಳೆಯುವವರೆಗೆ ಹೊರಬದಿಯ ಮಣ್ಣನ್ನು ನಂಬಲೇಬೇಡಿ. ನೋಡಲು ಗಟ್ಟಿಯಾಗಿರುತ್ತದೆ, ಒಳಗೆ ನೀರು ಕುಡಿದು ಕುಸಿಯಲು ಕಾದಿರುತ್ತದೆ.

ಗಾಡಿಯಲ್ಲಿ ನೋಡಬೇಕಾದದ್ದು

ಬ್ರೇಕು ಎಣ್ಣೆಯಲ್ಲಿ ಮುಳುಗಿದ ಡಿಸ್ಕಿನದೇ ಆಗಿರಬೇಕು. ಒಣ ಬ್ರೇಕಿನೊಳಗೆ ರಾಡಿ ನೀರು ಹೊಕ್ಕರೆ ಹಿಡಿತ ಹೋಗುತ್ತದೆ. ಹಳೆಯ ಗಾಡಿ ಕೊಳ್ಳುವವರು ಇದನ್ನು ಮರೆಯುತ್ತಾರೆ. ಎಡ-ಬಲ ಬ್ರೇಕಿನ ಎರಡು ಪೆಡಲನ್ನು ಸೇರಿಸುವ ಕೊಂಡಿಯನ್ನು ಮನೆಗೆ ತಂದ ದಿನವೇ ಹಾಕಿ, ಗದ್ದೆ ಬಿಟ್ಟರೆ ಬೇರೆಲ್ಲೂ ತೆಗೆಯಬೇಡಿ. ಕೊಂಡಿ ಹಾಕದ ಗಾಡಿಯಲ್ಲಿ ಇಳಿಜಾರಿನಲ್ಲಿ ಗಾಬರಿಯಿಂದ ಕಾಲಿಟ್ಟಾಗ ಒಂದೇ ಪೆಡಲ್ ಸಿಕ್ಕಿದರೆ ಒಂದೇ ಚಕ್ರ ಕಚ್ಚಿ ಗಾಡಿ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಮೇಲೆ ಉರುಳುವುದಕ್ಕೆ ಬಹಳ ಹೊತ್ತು ಬೇಡ.

ಗೇರಿನಲ್ಲಿ ನೋಡಬೇಕಾದ್ದು ಮೇಲಿನ ವೇಗವಲ್ಲ, ಕೆಳಗಿನ ವೇಗ. ಲೋ ರೇಂಜಿನ ಒಂದನೇ ಗೇರಿನಲ್ಲಿ ಗಂಟೆಗೆ ಎರಡು ಕಿಲೋಮೀಟರಿಗಿಂತ ಕಡಿಮೆ ಓಡಬೇಕು. ಆಗ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆದು ಹಿಡಿಯುತ್ತದೆ, ಬ್ರೇಕು ನೆರವಿಗೆ ಮಾತ್ರ. ಗೇರನ್ನು ಇಳಿಜಾರಿನ ತಲೆಯಲ್ಲೇ ಹಾಕಿಕೊಂಡಿರಬೇಕು. ನಡುವೆ ಬದಲಿಸಲು ಹೋಗಿ ಕ್ಲಚ್ಚು ತುಳಿದ ಕ್ಷಣ ಎಂಜಿನ್ನಿನ ತಡೆ ತಪ್ಪಿತು, ಗಾಡಿ ವೇಗ ಹಿಡಿಯಿತು, ಇನ್ನು ಕೆಳಗಿನ ಗೇರು ಬೀಳುವುದಿಲ್ಲ. ನ್ಯೂಟ್ರಲ್ಲಿನಲ್ಲಿ ಇಳಿಸಿ ಡೀಸೆಲ್ ಉಳಿಸುವವರ ಟ್ರೈಲರಿನಲ್ಲಿ ಹತ್ತಬೇಡಿ. ನಿಜವಾಗಿ ಹೇಳಬೇಕೆಂದರೆ ಯಾರ ಟ್ರೈಲರಿನಲ್ಲೂ, ಯಾವ ಮಡ್‌ಗಾರ್ಡಿನ ಮೇಲೂ ಜನ ಕೂರಬಾರದು. ಅಡಿಕೆ ಗೊನೆ ಕೊಯ್ಲಿನ ದಿನ ಆಳುಗಳನ್ನೆಲ್ಲ ಗೊನೆಯ ಮೇಲೆ ಕೂರಿಸಿಕೊಂಡು ಬರುವುದನ್ನು ಇನ್ನಾದರೂ ಬಿಡಬೇಕು.

ಮುಂದಕ್ಕೆ ಹಿಂದಕ್ಕೆ ಒಂದೇ ಕಡ್ಡಿಯಲ್ಲಿ ಬದಲಾಗುವ ಶಟಲ್ ಗೇರು ನಮ್ಮ ಕಡೆಗೆ ತುಂಬ ಉಪಯೋಗ. ಕಿರಿದಾದ ದಾರಿಯಲ್ಲಿ ಹಿಂದೆ-ಮುಂದೆ ಮಾಡಿ ತಿರುಗಿಸುವುದೇ ಅರ್ಧ ಕೆಲಸ. ಮಹೀಂದ್ರಾದ ಓಜಾ ಗಾಡಿಗಳಲ್ಲಿ 12 ಮುಂದಿನ, 12 ಹಿಂದಿನ ಗೇರು ಇರುವುದರ ಉದ್ದೇಶ ಇದೇ.

ಪಿಟಿಒ ಅಂದರೆ ಎಂಜಿನ್ನಿನ ಬಲವನ್ನು ಹಿಂದೆ ಕಟ್ಟಿದ ಉಪಕರಣಕ್ಕೆ ಕೊಡುವ ತಿರುಗುವ ಶಾಫ್ಟು. ಅದರ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕೊಳ್ಳುವಾಗ ಇದನ್ನು ಯಾರೂ ಕೇಳುವುದಿಲ್ಲ. ಕ್ಲಚ್ಚು ತುಳಿದರೆ ಚಕ್ರ ಮತ್ತು ಪಿಟಿಒ ಎರಡೂ ಒಟ್ಟಿಗೆ ಎಂಜಿನ್ನಿನಿಂದ ಬಿಡುವ ಗಾಡಿಗಳು ಇನ್ನೂ ಇವೆ. ಅಂಥ ಗಾಡಿಗೆ ಸ್ಲ್ಯಾಷರ್ ಕಟ್ಟಿ ಕಳೆ ಹೊಡೆಯುತ್ತಿದ್ದೀರಿ ಎನ್ನಿ. ಮುಂದೆ ಧರೆ ಕಂಡಿತು, ಕ್ಲಚ್ಚು ತುಳಿದಿರಿ. ಎಂಜಿನ್ ಬಿಟ್ಟಿತು, ಆದರೆ ಸ್ಲ್ಯಾಷರಿನ ಭಾರದ ಬ್ಲೇಡು ತಿರುಗುತ್ತಲೇ ಇದೆ. ಆ ತಿರುಗುವ ಬಲ ಪಿಟಿಒ ಶಾಫ್ಟಿನ ಮೂಲಕ ಗೇರ್‌ಬಾಕ್ಸಿಗೆ ಬಂದು ಚಕ್ರವನ್ನು ಮುಂದಕ್ಕೆ ದೂಡುತ್ತದೆ. ಕ್ಲಚ್ಚು ತುಳಿದರೂ ಗಾಡಿ ಹೋಗುತ್ತಲೇ ಇರುತ್ತದೆ. ಪಿಟಿಒಗೆ ಬೇರೆಯದೇ ಕ್ಲಚ್ಚು ಇರುವ ಗಾಡಿ ತೆಗೆದುಕೊಳ್ಳಿ, ಇಲ್ಲವೇ ಶಾಫ್ಟಿಗೆ ಒಂದೇ ಕಡೆ ಹಿಡಿಯುವ ಓವರ್‌ರನ್ನಿಂಗ್ ಕಪ್ಲಿಂಗ್ ಹಾಕಿಸಿ. ಸಣ್ಣ ಸಾಮಾನು, ದೊಡ್ಡ ಅನಾಹುತ ತಪ್ಪಿಸುತ್ತದೆ.

ಎಚ್‌ಪಿ ಕೊನೆಗೆ. ನಾಲ್ಕಡಿ ಸ್ಲ್ಯಾಷರ್, ಒಂದು ಟನ್ನಿನ ಟ್ರೈಲರ್, ಔಷಧಿ ಹೊಡೆಯುವ ಎಚ್‌ಟಿಪಿ ಪಂಪು, ಗುಂಡಿ ತೋಡುವ ಆಗರ್ ಇಷ್ಟಕ್ಕೆ ಎಂಜಿನ್ನಿನಲ್ಲಿ 21ರಿಂದ 28 ಎಚ್‌ಪಿ ಸಾಕು. ಜಾಹೀರಾತಿನ ಎಚ್‌ಪಿ ಎಂಜಿನ್ನಿನದು, ಪಿಟಿಒಗೆ ಬರುವುದು ಅದರ ಶೇ 85-90. ಸೋಗೆ, ಬಾಳೆದಿಂಡು ಪುಡಿಮಾಡುವ ದೊಡ್ಡ ಚಿಪ್ಪರ್ ಓಡಿಸುವ ಯೋಚನೆ ಇದ್ದರೆ ಮೇಲಿನ ಅಂಚಿಗೆ ಹೋಗಿ. 40-45 ಎಚ್‌ಪಿಯ ದೊಡ್ಡ ಗಾಡಿ ಬೇಕಾಗುವುದು ಗದ್ದೆ ಹೆಚ್ಚಿದ್ದವರಿಗೆ ಅಥವಾ ಬಾಡಿಗೆಗೆ ಓಡಿಸುವವರಿಗೆ. ತೋಟದ ದಾರಿಗೆ ಅದರ ಅಗಲವೇ ಶತ್ರು.

ಅಡ್ಡ ಇಳಿಜಾರು

ಕಿರಿದಾದ ಗಾಡಿ ಸಾಲಿನೊಳಗೆ ಹೋಗುತ್ತದೆ ಎಂದು ಖುಷಿಪಡುವ ಮುನ್ನ ಇದೊಂದು ಲೆಕ್ಕ. ಹಿಂದಿನ ಎರಡು ಟೈರುಗಳ ನಡುವಿನಿಂದ ನಡುವಿಗೆ 75 ಸೆಂ.ಮೀ., ಗಾಡಿಯ ಭಾರಕೇಂದ್ರ ನೆಲದಿಂದ 60 ಸೆಂ.ಮೀ. ಎಂದುಕೊಂಡರೆ, ನಿಂತ ಗಾಡಿ ಸುಮಾರು 32 ಡಿಗ್ರಿಗೆ ಮಗುಚುತ್ತದೆ. ಬಹಳವಾಯಿತಲ್ಲ ಅನಿಸಬಹುದು. ಆದರೆ 15 ಡಿಗ್ರಿಯ ಅಡ್ಡ ಇಳಿಜಾರಿನಲ್ಲಿ ಹೋಗುತ್ತಿರುವಾಗ ಮೇಲಿನ ಚಕ್ರ 15 ಸೆಂ.ಮೀ. ಎತ್ತರದ ಕಲ್ಲೋ ಬೊಡ್ಡೆಯೋ ಹತ್ತಿತು ಎಂದರೆ 11 ಡಿಗ್ರಿ ಸೇರಿತು. 26 ಆಯಿತು. ಅದೇ ಹೊತ್ತಿಗೆ ಕೆಳಗಿನ ಚಕ್ರ ಅಷ್ಟೇ ಆಳದ ಗುಂಡಿಗೆ ಇಳಿದರೆ ಇನ್ನೊಂದು 11. 37. ಗಾಡಿ ಉರುಳಿತು. ಮುಂದಿನ ಆಕ್ಸಲ್ ನಡುವಿನ ಪಿನ್ನಿನ ಮೇಲೆ ತೂಗಾಡುವುದರಿಂದ ಅದು ಒಂದು ಹಂತದವರೆಗೆ ಯಾವ ಆಸರೆಯನ್ನೂ ಕೊಡುವುದಿಲ್ಲ, ಹಾಗಾಗಿ ನಿಜದ ಅಳತೆ 32ಕ್ಕಿಂತಲೂ ಕಡಿಮೆ. ದರಕಿನಡಿಯಲ್ಲಿ ಮುಚ್ಚಿಹೋದ ಕಲ್ಲು, ಬೊಡ್ಡೆ, ಹಳೆಯ ಇಂಗುಗುಂಡಿ ನಮ್ಮ ಬೆಟ್ಟದಲ್ಲಿ ಹೆಜ್ಜೆಗೊಂದು. ಹಾಗಾಗಿ 10 ಡಿಗ್ರಿಗಿಂತ ಹೆಚ್ಚು ಅಡ್ಡ ವಾಲಿದ ಜಾಗದಲ್ಲಿ ಕಿರಿದಾದ ಗಾಡಿ ಬೇಡವೇ ಬೇಡ. ನೇರ ಹತ್ತಿ ನೇರ ಇಳಿಯಿರಿ, ಇಲ್ಲವೇ ಬ್ರಷ್ ಕಟರ್ ಹಿಡಿಯಿರಿ.

ಚಕ್ರಗಳ ಅಗಲ ಹೊಂದಿಸಲು ಬರುವ ಗಾಡಿಯಾದರೆ ಸಾಲಿನೊಳಗಿನ ಕೆಲಸ ಇಲ್ಲದಿದ್ದಾಗ ಅಗಲವಾಗಿಯೇ ಇಡಿ. ಹಿಂದಿನ ಟೈರಿಗೆ ನೀರು ತುಂಬಿಸುವುದರಿಂದ ಭಾರ ಕೆಳಗೆ ಬರುತ್ತದೆ, ಹಿಡಿತವೂ ಹೆಚ್ಚುತ್ತದೆ. ಜಾಕ್ ಕೊಟ್ಟು ಚಕ್ರ ಎತ್ತಿ, ವಾಲ್ವ್ ತುದಿ ಮೇಲಕ್ಕೆ ಬರುವಂತೆ ತಿರುಗಿಸಿ, ಒಳಗಿನ ಪಿನ್ನು ತೆಗೆದು, ವಾಲ್ವಿನಿಂದ ನೀರು ಹೊರಬರುವವರೆಗೆ ತುಂಬಿಸಿದರೆ ಮುಕ್ಕಾಲು ಪಾಲು ತುಂಬಿದಂತೆ. ಮಿಕ್ಕ ಜಾಗಕ್ಕೆ ಗಾಳಿ. ಪೂರ್ತಿ ತುಂಬಿಸಿದರೆ ಟೈರು ಕಲ್ಲಿನಂತೆ ಗಟ್ಟಿಯಾಗುತ್ತದೆ, ಕಲ್ಲಿಗೆ ಬಡಿದಾಗ ಒಡೆಯುತ್ತದೆ. ಮುಂದಿನ ಬಂಪರಿಗೆ ಕಬ್ಬಿಣದ ಭಾರವೂ ಇರಲಿ. ಒಂಟಿ ಆಕ್ಸಲ್ಲಿನ ಟ್ರೈಲರ್ ಕಟ್ಟಿ ಏರು ಹತ್ತುವಾಗ ಹಿಚ್ಚಿನ ಮೇಲಿನ ಭಾರ ಮುಂದಿನ ಚಕ್ರವನ್ನು ಎತ್ತುತ್ತದೆ. ಒಟ್ಟು ತೂಕದ ಐದನೇ ಒಂದು ಭಾಗವಾದರೂ ಮುಂದಿನ ಚಕ್ರದ ಮೇಲೆ ಇರದಿದ್ದರೆ ಸ್ಟೇರಿಂಗು ಮಾತು ಕೇಳುವುದಿಲ್ಲ.

ರೋಪ್ಸ್ ಎಂದು ಕರೆಯುವ, ಸೀಟಿನ ಹಿಂದೆ ನಿಲ್ಲುವ ಕಬ್ಬಿಣದ ಕಮಾನು ಇಲ್ಲದ ಗಾಡಿಯನ್ನು ಬೆಟ್ಟದ ಜಾಗಕ್ಕೆ ತರಬೇಡಿ. ಹೆಚ್ಚುವರಿ ಹಣ ಕೇಳಿದರೂ ಕೊಡಿ. ಮಡಚಲು ಬರುವಂಥದ್ದನ್ನೇ ಕೇಳಿ, ಹಲಸಿನ ಕೊಂಬೆ, ಸಿಲ್ವರ್ ಓಕಿನ ರೆಂಬೆ, ಜೋತುಬಿದ್ದ ಸೋಗೆ ಇರುವ ಕಡೆ ಮಡಚಬೇಕಾಗುತ್ತದೆ. ಕಮಾನು ಎತ್ತಿರುವಾಗ ಸೀಟ್ ಬೆಲ್ಟ್ ಹಾಕಿರಬೇಕು, ಮಡಚಿದಾಗ ಹಾಕಬಾರದು. ಬೆಲ್ಟ್ ಇಲ್ಲದೆ ಕಮಾನು ಮಾತ್ರ ಇದ್ದರೆ ಉರುಳುವ ಗಾಡಿ ನಿಮ್ಮನ್ನು ಎಸೆದು ಅದೇ ಕಮಾನಿನ ಕೆಳಗೆ ಹಾಕಿಕೊಳ್ಳಬಹುದು.

ದಿಮ್ಮಿ ಎಳೆಯುವಾಗ

ಗಾಳಿಗೆ ಬಿದ್ದ ಮರ, ಕಟ್ಟಿಗೆಯ ತುಂಡು ಎಳೆಯದ ಮಲೆನಾಡಿನ ಟ್ರ್ಯಾಕ್ಟರ್ ಇಲ್ಲ. ಸರಪಳಿಯನ್ನು ಡ್ರಾಬಾರಿಗೆ, ಅಂದರೆ ಹಿಂದಿನ ಆಕ್ಸಲ್ಲಿಗಿಂತ ಕೆಳಗಿನ ಬಿಂದುವಿಗೆ ಮಾತ್ರ ಕಟ್ಟಬೇಕು. ಆಕ್ಸಲ್ಲಿಗೋ ಅದಕ್ಕೂ ಮೇಲಿರುವ ಟಾಪ್ ಲಿಂಕಿಗೋ ಕಟ್ಟಿ ಎಳೆದಾಗ ದಿಮ್ಮಿ ಬೇರಿಗೆ ಸಿಕ್ಕಿಕೊಂಡರೆ ಚಕ್ರ ತಿರುಗಲಾರದು, ಬದಲಿಗೆ ಟ್ರ್ಯಾಕ್ಟರೇ ಆಕ್ಸಲ್ಲಿನ ಸುತ್ತ ತಿರುಗಿ ಮೂತಿ ಮೇಲೇಳುತ್ತದೆ. ಹಿಂದಕ್ಕೆ ಮಗುಚಲು ಬೇಕಾದದ್ದು ಒಂದೂವರೆ ಸೆಕೆಂಡು, ಅದರಲ್ಲಿ ಅರ್ಧ ಕಳೆಯಿತೆಂದರೆ ಕ್ಲಚ್ಚು ತುಳಿದರೂ ಪ್ರಯೋಜನವಿಲ್ಲ. ಇಳಿಜಾರಿನ ಕೆಳಮುಖವಾಗಿ ದಿಮ್ಮಿ ಎಳೆಯುವುದೂ ಬೇಡ, ಅದು ನಿಮ್ಮನ್ನು ಹಿಂಬಾಲಿಸಿ ಬಂದು ಗುದ್ದುತ್ತದೆ. ಅದಕ್ಕೆ ಗಾಡಿಯನ್ನು ಸಮತಟ್ಟಿನಲ್ಲಿ ನಿಲ್ಲಿಸಿ ರಾಟೆ-ಹಗ್ಗ ಬಳಸುವುದು ಕ್ಷೇಮ.

ಟೈರು, ಹೊಟ್ಟೆ, ಬೆಂಕಿ

ಮುಂದಿನ ಮತ್ತು ಹಿಂದಿನ ಟೈರು ಫೋರ್ ವೀಲ್ ಗಾಡಿಯಲ್ಲಿ ಜೋಡಿ. ಮುಂದಿನ ಚಕ್ರ ಕೂದಲೆಳೆಯಷ್ಟು ಹೆಚ್ಚು ಓಡುವಂತೆ ಗೇರಿನ ಹಲ್ಲುಗಳನ್ನು ಲೆಕ್ಕ ಹಾಕಿರುತ್ತಾರೆ. ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರು ಹಾಕಿಸಿದರೆ ಆ ಲೆಕ್ಕ ತಪ್ಪಿ ಮುಂದಿನ ಆಕ್ಸಲ್ಲಿನ ಗೇರು ಸವೆಯುತ್ತದೆ. ತಾರು ರಸ್ತೆಯ ಸಪಾಟಿನಲ್ಲಿ ಫೋರ್ ವೀಲ್ ತೆಗೆಯಿರಿ, ಕಡಿದಾದ ಇಳಿಜಾರು ಬಂದರೆ ಅಲ್ಲೂ ಹಾಕಿ. ಹಿಂದಿನ ಎರಡು ಚಕ್ರವನ್ನೂ ಒಟ್ಟಿಗೇ ತಿರುಗುವಂತೆ ಕಟ್ಟುವ ಡಿಫ್ ಲಾಕ್ ನೇರ ಹೋಗುವಾಗ ಮಾತ್ರ, ಚಕ್ರ ಗಿರ್ರನೆ ತಿರುಗತೊಡಗುವ ಮುಂಚೆಯೇ ತುಳಿಯಬೇಕು.

ಸಣ್ಣ ಗಾಡಿಯ ಹೊಟ್ಟೆ ನೆಲಕ್ಕೆ ಹತ್ತಿರ. ಕಡಿದ ಕಾಫಿ ಬೊಡ್ಡೆ, ಚೂಪಾಗಿ ಕೊಚ್ಚಿದ ಗಿಡದ ಮೊಳೆ ಮೊದಲು ಕಚ್ಚುವುದು ಡೀಸೆಲ್ ಪೈಪು, ಫಿಲ್ಟರು, ಟೈರಿನ ವಾಲ್ವು. ಲೋಕಲ್ ವರ್ಕ್‌ಶಾಪಿನಲ್ಲಿ 4 ಮಿ.ಮೀ. ತಗಡಿನ ಹೊಟ್ಟೆಗವಸು ಮಾಡಿಸಿ, ಆದರೆ ಎಣ್ಣೆ ಬಿಡುವ ಬೋಲ್ಟಿನ ನೇರಕ್ಕೆ ತೂತು ಬಿಡಿಸಿ, ಬೋಲ್ಟ್ ಹಾಕಿ ಬಿಚ್ಚುವಂತಿರಲಿ. ಮುಂದಿನ ಹಬ್ಬಿಗೆ ಕರಡ, ಬಳ್ಳಿ ಸುತ್ತಿಕೊಂಡರೆ ಆಯಿಲ್ ಸೀಲು ಹರಿಯುತ್ತದೆ. ಕಳೆ ಹೊಡೆದ ದಿನ ಸಂಜೆ ಚಾಕು ಹಿಡಿದು ಬಿಡಿಸಿಬಿಡಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಇನ್ನೊಂದು ಭಯ. ಸೈಲೆನ್ಸರ್ ಕೆಳಮುಖ ಇರುವ ಗಾಡಿ ಕೊಂಬೆಗೆ ಸಿಗುವುದಿಲ್ಲ ನಿಜ, ಒಣ ದರಕಿನ ಮೇಲೆ ನಿಲ್ಲಿಸಿದರೆ ಬೆಂಕಿ ಹತ್ತಬಹುದು. ಮೇಲ್ಮುಖದ ಸೈಲೆನ್ಸರಾದರೆ ಕಿಡಿ ತಡೆಯುವ ಜಾಲರಿ ಹಾಕಿಸಿ. ಎಂಜಿನ್ನು-ಸೈಲೆನ್ಸರಿನ ಸಂದಿಯಲ್ಲಿ ಕೂರುವ ಎಲೆ, ರೇಡಿಯೇಟರಿನ ಜಾಲರಿಗೆ ಮೆತ್ತುವ ಹುಲ್ಲಿನ ಹೂವು ಇವನ್ನು ಕಳೆ ಹೊಡೆಯುವ ದಿನಗಳಲ್ಲಿ ಎರಡು ಗಂಟೆಗೊಮ್ಮೆ ತೆಗೆಯಬೇಕು. ಗಾಡಿ ಬಿಸಿಯಾಯಿತು ಎಂಬ ದೂರುಗಳಿಗೆ ಹೆಚ್ಚಾಗಿ ಕಾರಣ ಈ ಹೂವೇ.

ಯಾವ ಗಾಡಿ, ಹೇಗೆ ನೋಡುವುದು

ಫೋರ್ ವೀಲ್ ಇರುವ ಸಣ್ಣ ಗಾಡಿಗಳಲ್ಲಿ ನಮ್ಮ ಕಡೆ ನೋಡಲು ಸಿಗುವವು ಕುಬೋಟಾದ ನಿಯೋಸ್ಟಾರ್ ಬಿ2441 (24 ಎಚ್‌ಪಿ) ಮತ್ತು ಬಿ2741 (27), ಮಹೀಂದ್ರಾದ ಜೀವೋ 245 (24), 2023ರ ಆಗಸ್ಟ್‌ನಲ್ಲಿ ಹೊರಬಂದ ಓಜಾ ಸರಣಿ, ಜಾನ್ ಡೀರ್ 3028 (28), ನಮ್ಮ ಬೆಂಗಳೂರಿನದೇ ಆದ ವಿಎಸ್‌ಟಿಯ ಗಾಡಿಗಳು. ಜೀವೋ ಎರಡು ಸಿಲಿಂಡರಿನದು, ಕುಬೋಟಾ ಮತ್ತು ಡೀರ್ ಮೂರರವು. ಮೂರು ಸಿಲಿಂಡರಿನದು ನಡುಕ ಕಡಿಮೆ, ಎರಡರದು ರಿಪೇರಿಗೆ ಸರಳ. ನನ್ನ ಮಟ್ಟಿಗೆ ಇವುಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು ಸರ್ವಿಸಿನ ದೂರ. ಮೆಕ್ಯಾನಿಕ್ 30 ಕಿಲೋಮೀಟರಿನೊಳಗೆ ಇದ್ದಾನೆಯೇ, ಮುಂದಿನ ಆಕ್ಸಲ್ಲಿನ ಆಯಿಲ್ ಸೀಲು ಅಂಗಡಿಯಲ್ಲಿ ಇವತ್ತು ಇದೆಯೇ? ಈ ಎರಡನೇ ಪ್ರಶ್ನೆಯನ್ನು ಕೌಂಟರಿನಲ್ಲಿ ಕೇಳಿ, ತೆಗೆದು ತೋರಿಸಲು ಹೇಳಿ. ‘ತರಿಸಿಕೊಡ್ತೀವಿ ಸಾರ್’ ಎಂದರೆ ಕಳೆ ಬೆಳೆದು ನಿಂತ ಆಗಸ್ಟಿನಲ್ಲಿ ಗಾಡಿ ವಾರಗಟ್ಟಲೆ ನಿಲ್ಲುತ್ತದೆ ಎಂದೇ ಅರ್ಥ.

ಮಧ್ಯಪ್ರದೇಶದ ಬುದ್ನಿಯಲ್ಲಿ ಟ್ರ್ಯಾಕ್ಟರ್‌ಗಳನ್ನು ಪರೀಕ್ಷಿಸುವ ಕೇಂದ್ರ ಸರ್ಕಾರದ ಸಂಸ್ಥೆ ಇದೆ. ಅದರ ಪರೀಕ್ಷಾ ವರದಿಯಲ್ಲಿ ಪಿಟಿಒ ಬಲ, ಲಿಫ್ಟ್ ಎತ್ತುವ ತೂಕ, ಬ್ರೇಕಿನ ಪರೀಕ್ಷೆ, ಬ್ರೇಕ್ ಸಹಿತ ಮತ್ತು ರಹಿತ ತಿರುಗುವ ಅಳತೆ, ಭಾರಕೇಂದ್ರದ ಎತ್ತರ ಎಲ್ಲ ಸಿಗುತ್ತದೆ. ನೀವು ನೋಡುತ್ತಿರುವ ಮಾಡೆಲ್ಲಿನ ವರದಿಯನ್ನು ಡೀಲರ್ ಬಳಿ ಕೇಳಿ ಓದಿ, ಮೇಲಿನ ಲೆಕ್ಕಗಳಿಗೆ ನಿಮ್ಮ ಗಾಡಿಯ ಅಂಕಿಗಳನ್ನೇ ಹಾಕಿ.

ಡೆಮೋವನ್ನು ಶೋರೂಮಿನ ಮುಂದಿನ ರಸ್ತೆಯಲ್ಲಿ ಒಪ್ಪಬೇಡಿ. ನಿಮ್ಮ ತೋಟಕ್ಕೇ ತರಿಸಿ, ಸಾಧ್ಯವಾದರೆ ಒಂದೆರಡು ಮಳೆ ಬಿದ್ದ ಮೇಲೆ. ಮೊದಲು ಖಾಲಿ ಗಾಡಿ, ಆಮೇಲೆ ಅರ್ಧ ಭಾರದ ಟ್ರೈಲರ್. ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡಿಸಿ ನೋಡಿ. ಇಳಿಜಾರಿನ ನಡುವೆ ಹ್ಯಾಂಡ್‌ಬ್ರೇಕ್ ಒಂದರಲ್ಲೇ ಐದು ನಿಮಿಷ ನಿಲ್ಲಬೇಕು, ಆ ಹೊತ್ತಿಡೀ ಚಾಲಕ ಸೀಟಿನಲ್ಲೇ ಇರಲಿ, ಕೆಳಗಡೆ ಯಾರೂ ಇರಬಾರದು. ಏರಿನಲ್ಲಿ ಎಂಜಿನ್ ಆಫ್ ಆದರೆ ಏನು ಮಾಡಬೇಕೆಂದು ಅವರಿಂದಲೇ ಮಾಡಿಸಿ ಕಲಿಯಿರಿ. ಕಾಲುಬ್ರೇಕ್, ಹ್ಯಾಂಡ್‌ಬ್ರೇಕ್, ಮತ್ತೆ ಸ್ಟಾರ್ಟ್, ಲೋ ರಿವರ್ಸ್ ಹಾಕಿ ಗೇರಿನಲ್ಲೇ ನಿಧಾನ ಹಿಂದಿಳಿಯುವುದು. ಎಂಜಿನ್ ಆಫ್ ಆದಾಗ ಪವರ್ ಸ್ಟೇರಿಂಗ್ ಕಲ್ಲಿನಷ್ಟು ಭಾರವಾಗುತ್ತದೆ ಎಂಬುದು ಆ ಗಳಿಗೆಯಲ್ಲಿ ಮೊದಲ ಬಾರಿ ಗೊತ್ತಾಗುವಂತೆ ಆಗಬಾರದು.

ಹಣದ ವಿಷಯ ಬೇಗ ಮುಗಿಸುತ್ತೇನೆ. ಫೋರ್ ವೀಲಿನ ಸಣ್ಣ ಗಾಡಿಗೆ ಸುಮಾರು 5ರಿಂದ 7 ಲಕ್ಷ ರೂಪಾಯಿ, ಟ್ರೈಲರು-ಸ್ಲ್ಯಾಷರು ಬೇರೆ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ, ಹಳೆಯ ದರಪಟ್ಟಿ ತೋರಿಸಿದರೆ ಒಪ್ಪಬೇಡಿ. ಸಹಾಯಧನ ಬೇಕಿದ್ದರೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ), ಪಹಣಿ ಕೊಟ್ಟು ಮೊದಲು ಅರ್ಜಿ ಹಾಕಿ. ಮಂಜೂರಾತಿ ಕೈಗೆ ಬರುವ ಮುಂಚೆ ಗಾಡಿಯ ಬಿಲ್ ಮಾಡಿಸಬೇಡಿ.

ಮೊದಲ ವರ್ಷ ಕೊಳ್ಳಬೇಕಾದ ಉಪಕರಣ ಎರಡೇ, ಬ್ರೇಕ್ ಇರುವ ಟಿಪ್ಪಿಂಗ್ ಟ್ರೈಲರ್ ಮತ್ತು ಸುತ್ತ ಸರಪಳಿ ಗಾರ್ಡ್ ಇರುವ ನಾಲ್ಕಡಿ ಸ್ಲ್ಯಾಷರ್. ಗಾರ್ಡ್ ಇಲ್ಲದಿದ್ದರೆ ಕಲ್ಲು ಗುಂಡಿನಂತೆ ಹಾರುತ್ತದೆ. ಡೀಲರುಗಳು ಗಾಡಿಯ ಜೊತೆಗೆ ರೋಟವೇಟರ್ ಕೊಡಲು ನೋಡುತ್ತಾರೆ. ಗದ್ದೆ ಇಲ್ಲದಿದ್ದರೆ ಬೇಡ. ಇಳಿಜಾರಿನ ಮಣ್ಣನ್ನು ಹುಡಿ ಮಾಡಿದರೆ ಜೂನಿನ ಮೊದಲ ವಾರದಲ್ಲೇ ಅದು ಹಳ್ಳ ಸೇರುತ್ತದೆ. ಅಡಿಕೆಯ ಬೇರು ಹೆಚ್ಚಾಗಿ ಮೇಲ್ಪದರದಲ್ಲೇ ಹಬ್ಬಿರುವುದರಿಂದ ತೋಟದೊಳಗೆ ಹೊಡೆದರೆ ಬೇರು ಕತ್ತರಿಸಿದಂತೆಯೇ. ಒದ್ದೆ ತೋಟದೊಳಗೆ ಗಾಡಿ ಓಡಿಸಿ ಮಣ್ಣು ಅದುಮುವುದೂ ಬೇರಿಗೆ ಉಸಿರು ಕಟ್ಟಿಸಿದ ಹಾಗೆ.

ಅಳೆದು ನೋಡಿದ ಮೇಲೆ ದಾರಿಯಲ್ಲೆಲ್ಲ 15 ಡಿಗ್ರಿಗಿಂತ ಹೆಚ್ಚೇ ಬಂದರೆ, ಅಥವಾ ಎರಡೆಕರೆ ತೋಟಕ್ಕೆ ಗೊಬ್ಬರ ಸಾಗಿಸುವುದೊಂದೇ ಕೆಲಸವಾದರೆ, ಟ್ರ್ಯಾಕ್ಟರ್ ಬೇಡ. ಸಣ್ಣ ಮೋಟಾರು ಕಾರ್ಟು, ಬ್ರಷ್ ಕಟರ್, ವರ್ಷಕ್ಕೆರಡು ಬಾರಿ ಬಾಡಿಗೆ ಪಿಕಪ್ ಸಾಕು. ಟಿಲ್ಲರಿಗೆ ಟ್ರೈಲರ್ ಕಟ್ಟಿ ಕಡಿದಾದ ಇಳಿಜಾರಿನಲ್ಲಿ ಓಡಿಸುವುದು ಮಾತ್ರ ಟ್ರ್ಯಾಕ್ಟರಿಗಿಂತ ಅಪಾಯ. ಇಳಿಯುವಾಗ ಟ್ರೈಲರ್ ದೂಡತೊಡಗಿದರೆ ಸ್ಟೇರಿಂಗ್ ಕ್ಲಚ್ಚು ಉಲ್ಟಾ ಕೆಲಸ ಮಾಡುತ್ತದೆ. ಎಡಗಡೆಯದು ಹಿಡಿದರೆ ಗಾಡಿ ಬಲಕ್ಕೆ ಹೋಗುತ್ತದೆ. ಟಿಲ್ಲರಿನಿಂದ ಟ್ರ್ಯಾಕ್ಟರಿಗೆ ಬರುವವರು ಈ ಕೈರೂಢಿಯನ್ನು ಮರೆಯಲು ಒಂದು ಬೇಸಿಗೆ ಪೂರ್ತಿ ಖಾಲಿ ಗಾಡಿ ಓಡಿಸಬೇಕು. ಮೊದಲ ಸರ್ವಿಸ್ ಸಾಮಾನ್ಯವಾಗಿ 50 ಗಂಟೆಗೆ ಬರುತ್ತದೆ. ಆ 50 ಗಂಟೆ ತುಂಬುವವರೆಗೆ ಟ್ರೈಲರಿಗೆ ಅರ್ಧಕ್ಕಿಂತ ಹೆಚ್ಚು ಹೇರಬೇಡಿ.